ರಾಬಿನ್ ಮೊದಲು ಕಾಣಿಸಿಕೊಂಡದ್ದು ಯಾವ ಕಾಮಿಕ್ಸ್‌ನಲ್ಲಿ? ಆರಂಭದ ಕಥೆಗಳಲ್ಲಿ ಅವನ ಪಾತ್ರ ಹೇಗಿತ್ತು?

ಬ್ಯಾಟ್‌ಮ್ಯಾನ್‌ನ ಬಾಲಸಂಗಾತಿ ರಾಬಿನ್ ಮೊದಲು ಕಾಣಿಸಿಕೊಂಡದ್ದು 1940ರ ಏಪ್ರಿಲ್ ತಿಂಗಳ 'ಡಿಟೆಕ್ಟಿವ್ ಕಾಮಿಕ್ಸ್' 38ನೇ ಸಂಚಿಕೆಯಲ್ಲಿ. ಅಂದರೆ ಬ್ಯಾಟ್‌ಮ್ಯಾನ್ ಬಂದು ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಬ್ಯಾಟ್‌ಮ್ಯಾನ್ ಹಿಡಿದ, ಕಾಗದ ಹೊದಿಸಿದ ದೊಡ್ಡ ಬಳೆಯನ್ನು ಹರಿದುಕೊಂಡು ನಗುತ್ತಾ ಹೊರಜಿಗಿಯುವ ಹುಡುಗನ ಮುಖಪುಟ ಇಂದಿಗೂ ಪ್ರಸಿದ್ಧ.

ಸರ್ಕಸ್‌ನ ತೂಗುಯ್ಯಾಲೆ ಕಲಾವಿದರ ಮಗನಾದ ಡಿಕ್ ಗ್ರೇಸನ್‌ನ (ಇವನೇ ಮುಂದೆ ರಾಬಿನ್) ತಂದೆತಾಯಿ, ಸುಲಿಗೆಕೋರರು ಹಗ್ಗಕ್ಕೆ ಆಮ್ಲ ಹಾಕಿ ಸವೆಸಿದ್ದರಿಂದ, ಪ್ರದರ್ಶನದ ನಡುವೆಯೇ ಬಿದ್ದು ಸಾಯುತ್ತಾರೆ. ತಾನೂ ಬಾಲ್ಯದಲ್ಲಿ ಹೆತ್ತವರ ಕೊಲೆಯನ್ನು ಕಂಡಿದ್ದ ಬ್ರೂಸ್ ವೇನ್, ಅಂದರೆ ಬ್ಯಾಟ್‌ಮ್ಯಾನ್, ಮೇಣದಬತ್ತಿಯ ಬೆಳಕಿನಲ್ಲಿ ಹುಡುಗನಿಂದ ಪ್ರತಿಜ್ಞೆ ಮಾಡಿಸಿ, ತರಬೇತಿ ಕೊಡುತ್ತಾನೆ. ಕೊನೆಯಲ್ಲಿ, ಕಟ್ಟುತ್ತಿರುವ ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ಗುಂಪಿನ ನಾಯಕ ಜುಕೊ ತನ್ನದೇ ಸಹಚರನನ್ನು ಕೆಳಗೆ ತಳ್ಳುವಾಗ ರಾಬಿನ್ ಅದರ ಛಾಯಾಚಿತ್ರ ತೆಗೆಯುತ್ತಾನೆ. ಮೊದಲ ಕಥೆಯಲ್ಲೇ ಪುರಾವೆ ಒದಗಿಸಿದವನನ್ನು ಬರೀ ಬಾಲಂಗೋಚಿ ಎನ್ನುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಬಾಬ್ ಕೇನ್, ಬಿಲ್ ಫಿಂಗರ್, ಜೆರ್ರಿ ರಾಬಿನ್ಸನ್ ಸೇರಿ ರೂಪಿಸಿದ ಈ ಪಾತ್ರದ ಹೆಸರು ಮತ್ತು ಉಡುಪಿಗೆ ರಾಬಿನ್ ಹುಡ್ ಪ್ರೇರಣೆ. ಕಥೆಗಾರ ಫಿಂಗರ್‌ಗೆ, ಷರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ, ನಾಯಕನು ಮನಸ್ಸಿನ ಮಾತನ್ನು ಹೇಳಿಕೊಳ್ಳಲು ಒಬ್ಬ ಜೊತೆಗಾರ ಬೇಕಾಗಿದ್ದ. ಅದೇ ವರ್ಷ ಆರಂಭವಾದ 'ಬ್ಯಾಟ್‌ಮ್ಯಾನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲೂ ಅವನಿದ್ದಾನೆ. 1947ರಿಂದ 'ಸ್ಟಾರ್ ಸ್ಪ್ಯಾಂಗಲ್ಡ್ ಕಾಮಿಕ್ಸ್'ನಲ್ಲಿ ಅವನದೇ ಕಥೆಗಳು ಬರತೊಡಗಿದವು.