ಆಗದ ಕೊಲೆಗೆ ವೋಚರ್ ಎಲ್ಲಿದೆ?

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಕಳೆದ ಸಂಚಿಕೆಯ ಲೇಖನ ನಿಮಗೆ ಸಿಟ್ಟು ತರಿಸಿದೆ. ಗ್ಯಾಂಗ್‌ಗಳ ಹಾವಳಿ ಇರುವ ಬಡಾವಣೆಗಳಲ್ಲಿ ಕೆಲಸ ಮಾಡುವ ಸ್ಥಳೀಯ ಸಂಘಗಳಿಗೆ ಸರ್ಕಾರ ದುಡ್ಡು ಕೊಡಬೇಕು ಅಂತ ಆ ಲೇಖನ ಹೇಳಿತ್ತು. ನೀವು ಬರೆದಿರುವುದನ್ನು ಬೇರೆ ಓದುಗರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗ್ಯಾಂಗ್ ಮಟ್ಟ ಹಾಕುವುದು ಪೊಲೀಸರ ಕೆಲಸ, ದುಡ್ಡಿದ್ದರೆ ಅವರಿಗೇ ಕೊಡಿ. ಸಂಘಗಳಿಗೆ ಕೊಟ್ಟರೆ ಅದು ಸುತ್ತಿ ಬಳಸಿ ಅದೇ ರೌಡಿಗಳ ಜೇಬು ಸೇರುತ್ತದೆ. ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದ ನೀವು ಕೊನೆಗೆ ಒಂದು ಪ್ರಶ್ನೆ ಎಸೆದಿದ್ದೀರಿ: "ಹತ್ತು ಕೊಲೆ ತಪ್ಪಿಸಿದೆವು ಅಂತ ಅವರು ವರದಿ ಕೊಡುತ್ತಾರೆ. ಆಗದೇ ಇದ್ದ ಕೊಲೆಗೆ ವೋಚರ್ ಎಲ್ಲಿಂದ ತರುತ್ತಾರೆ?"

ಈ ಸಾಲನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಕ್ಕರು. ಆಮೇಲೆ ಯಾರಿಗೂ ಉತ್ತರ ಹೊಳೆಯಲಿಲ್ಲ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸಬೇಕಿದ್ದ ಉತ್ತರ ಇಷ್ಟುದ್ದ ಆಯಿತು.

ಮೊದಲಿಗೆ ನಿಮ್ಮ ಅನುಮಾನಕ್ಕೆ ನಾನೇ ಒಂದು ಸಾಕ್ಷಿ ಒದಗಿಸುತ್ತೇನೆ. 1967ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಶಿಕಾಗೋದ ವುಡ್‌ಲಾನ್ ಬಡಾವಣೆಯ ಒಂದು ಸಂಘಕ್ಕೆ 9 ಲಕ್ಷ ಡಾಲರ್‌ಗೂ ಜಾಸ್ತಿ ಅನುದಾನ ಕೊಟ್ಟಿತು. ಕೆಲಸವಿಲ್ಲದ ಹುಡುಗರಿಗೆ ತರಬೇತಿ ಕೊಡಬೇಕಿತ್ತು. ತರಬೇತಿ ಕೇಂದ್ರಗಳನ್ನು ನಡೆಸಿದವರು ಯಾರು ಅಂದರೆ, ಅಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಎರಡು ಗ್ಯಾಂಗ್‌ಗಳ ಮುಖಂಡರೇ. ಮರುವರ್ಷವೇ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಯೋಜನೆ ಮುಚ್ಚಿತು. ಆ ಎರಡರಲ್ಲಿ ಒಂದಾದ ಬ್ಲ್ಯಾಕ್‌ಸ್ಟೋನ್ ರೇಂಜರ್ಸ್ ಗ್ಯಾಂಗಿನ ನಾಯಕ ಜೆಫ್ ಫೋರ್ಟ್‌ಗೆ ಸರ್ಕಾರದ ದುಡ್ಡು ದುರುಪಯೋಗ ಮಾಡಿದ ಸಂಚಿಗಾಗಿ 1972ರಲ್ಲಿ ಶಿಕ್ಷೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ನಿಮ್ಮ ಪತ್ರದ ಎರಡನೇ ಪುಟಕ್ಕೆ ಇದನ್ನು ಅಂಟಿಸಿಕೊಳ್ಳಿ, ನನ್ನ ತಕರಾರಿಲ್ಲ.

ಕಳ್ಳತನವಿಲ್ಲದೆಯೂ ಕೆಲಸ ಕೆಡುತ್ತದೆ. 1960ರ ದಶಕದಲ್ಲಿ ಮಾಲ್ಕಮ್ ಕ್ಲೈನ್ ಎಂಬ ಸಮಾಜವಿಜ್ಞಾನಿ ಲಾಸ್ ಏಂಜಲೀಸ್‌ನಲ್ಲಿ ಇಂಥದೊಂದು ಯೋಜನೆಯನ್ನು ಹತ್ತಿರದಿಂದ ನೋಡಿದರು. ಕಾರ್ಯಕರ್ತರು ಗ್ಯಾಂಗಿನ ಹುಡುಗರನ್ನು ಒಟ್ಟಿಗೆ ಕೂರಿಸುತ್ತಿದ್ದರು, ಒಟ್ಟಿಗೆ ಆಟ ಆಡಿಸುತ್ತಿದ್ದರು, ಒಟ್ಟಿಗೆ ಪ್ರವಾಸ ಕರೆದೊಯ್ಯುತ್ತಿದ್ದರು. ಎಲ್ಲರೂ ಪ್ರಾಮಾಣಿಕರೇ. ಆದರೆ ಹುಡುಗರ ನಡುವಿನ ನಂಟು ಗಟ್ಟಿಯಾಯಿತು, ಗ್ಯಾಂಗಿನ ಸೆಳೆತ ಜಾಸ್ತಿಯಾಯಿತು, ಅಪರಾಧವೂ ಹೆಚ್ಚಿತು. ಬಿಟ್ಟಿದ್ದರೆ ತಾನಾಗಿ ಚದುರುತ್ತಿದ್ದ ಗುಂಪನ್ನು ಅನುದಾನ ಕಟ್ಟಿಹಾಕಿದಂತಾಯಿತು. ಒಳ್ಳೆಯ ಮನಸ್ಸಿದ್ದರೆ ಸಾಕು ಎನ್ನುವವರಿಗೆ ನಾನು ಯಾವಾಗಲೂ ಈ ಕಥೆ ಹೇಳುತ್ತೇನೆ.

ಹಾಗಾದರೆ ದುಡ್ಡನ್ನೆಲ್ಲ ಪೊಲೀಸರಿಗೇ ಕೊಟ್ಟುಬಿಡೋಣವೇ? ಇಲ್ಲಿ ನನಗೂ ನಿಮಗೂ ಜಗಳ. ಬಾಸ್ಟನ್ ನಗರದಲ್ಲಿ 1990ರಲ್ಲಿ 152 ಕೊಲೆಗಳಾದವು. ಸಂಶೋಧಕರು ಪೊಲೀಸರ ಜೊತೆ ಕೂತು ನಕ್ಷೆ ಬಿಡಿಸಿದಾಗ ಕಂಡಿದ್ದು ಇದು: ಊರಿನಲ್ಲಿ 61 ಗ್ಯಾಂಗ್‌ಗಳು, ಅವುಗಳಲ್ಲಿ ಸುಮಾರು 1,300 ಹುಡುಗರು. ಅವರ ವಯಸ್ಸಿನವರಲ್ಲಿ ಶೇಕಡಾ 1ರಷ್ಟೂ ಇಲ್ಲ. ಆದರೆ ಯುವಕರ ಕೊಲೆಗಳಲ್ಲಿ ಕಡಿಮೆಯೆಂದರೂ ಶೇಕಡಾ 60 ಇವರ ಜಗಳದಿಂದಲೇ ಆದವು. ಇಷ್ಟು ಸಣ್ಣ ಗುಂಪಿಗಾಗಿ ಇಡೀ ಬಡಾವಣೆಯ ಹುಡುಗರನ್ನು ಬೀದಿಯಲ್ಲಿ ನಿಲ್ಲಿಸಿ ತಡಕುವುದು, ಒಂದು ಹಲ್ಲು ನೋವಿಗೆ ಬಾಯಿಯ ಹಲ್ಲನ್ನೆಲ್ಲ ಕಿತ್ತ ಹಾಗೆ.

1996ರಲ್ಲಿ ಅಲ್ಲಿ 'ಆಪರೇಷನ್ ಸೀಸ್‌ಫೈರ್' ಶುರುವಾಯಿತು. ಪೊಲೀಸರು, ಸರ್ಕಾರಿ ವಕೀಲರು, ಬೀದಿ ಕಾರ್ಯಕರ್ತರು, ಚರ್ಚಿನ ಪಾದ್ರಿಗಳು ಒಂದೇ ಮೇಜಿಗೆ ಬಂದರು. ಗ್ಯಾಂಗಿನ ಹುಡುಗರನ್ನು ಕರೆಸಿ ಎರಡು ಮಾತು ಹೇಳಿದರು. ಬಿಟ್ಟು ಬರ್ತೀವಿ ಅಂದರೆ ಕೆಲಸಕ್ಕೆ, ಓದಿಗೆ ನೆರವು ಇದೆ. ಇನ್ನೊಂದು ಹೆಣ ಬಿದ್ದರೆ ಇಡೀ ಗ್ಯಾಂಗಿನ ಮೇಲೆ ಎಲ್ಲ ಇಲಾಖೆಗಳೂ ಒಟ್ಟಿಗೆ ಬೀಳುತ್ತವೆ. ಪೊಲೀಸರಿದ್ದರು, ನಿಮ್ಮ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಮೊದಲನೇ ಮಾತನ್ನು ಪೊಲೀಸರು ಒಬ್ಬರೇ ಹೇಳಿದ್ದರೆ ಯಾವ ಹುಡುಗ ನಂಬುತ್ತಿದ್ದ, ಹೇಳಿ.

1999ಕ್ಕೆ ಊರಿನ ಕೊಲೆಗಳು 31ಕ್ಕೆ ಇಳಿದವು. ಅಮೆರಿಕದ ಬೇರೆ ಊರುಗಳಲ್ಲೂ ಆ ಕಾಲಕ್ಕೆ ಕೊಲೆ ಇಳಿಯುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬಾಸ್ಟನ್‌ನಲ್ಲಿ ಇನ್ನೂ ಬೇಗ, ಇನ್ನೂ ಜಾಸ್ತಿ ಇಳಿಯಿತು ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಇಷ್ಟಾದ ಮೇಲೆ ಏನು ಮಾಡಿದರು ಗೊತ್ತಾ? 2000ದಲ್ಲಿ ಕೈಬಿಟ್ಟರು. ಕಾಯಿಲೆ ವಾಸಿಯಾಯಿತಲ್ಲ, ಇನ್ಯಾಕೆ ಔಷಧಿ ಅನ್ನುವ ಹಾಗೆ. ಜನ ಬೇರೆ ಬೇರೆ ಹುದ್ದೆಗೆ ಹೋದರು, ಮೇಜು ಖಾಲಿಯಾಯಿತು. 2005ರಲ್ಲಿ ಕೊಲೆಗಳು 75. ಆಮೇಲೆ ಎಚ್ಚೆತ್ತು ಮತ್ತೆ ಶುರು ಮಾಡಿದರು.

ನಿಮ್ಮ ಪತ್ರದಲ್ಲಿ ನನಗೆ ಕಾಣದೇ ಹೋದದ್ದು ಈ ಸೋರಿಕೆ. ಕದ್ದ ದುಡ್ಡಿನ ಬಗ್ಗೆ ಎರಡು ಪುಟ ಬರೆದಿದ್ದೀರಿ. ಅರ್ಧಕ್ಕೆ ನಿಂತ ದುಡ್ಡಿನ ಬಗ್ಗೆ ಒಂದು ಸಾಲೂ ಇಲ್ಲ. ಗ್ಯಾಂಗ್ ವಿರುದ್ಧದ ಅನುದಾನಗಳು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುವುದು ಮುಖ್ಯವಾಗಿ ಇಲ್ಲೇ ಅಂತ ನನಗೆ ಅನಿಸುತ್ತದೆ.

ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಎರಡು ಗಂಟೆಗೆ ಕಾರ್ಯಕರ್ತನ ಫೋನ್ ಬಡಿದುಕೊಳ್ಳುತ್ತದೆ. ಒಬ್ಬ ಹುಡುಗನಿಗೆ ಚಾಕು ಬಿದ್ದಿದೆ, ಆಪರೇಷನ್ ನಡೆಯುತ್ತಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಆರು ಜನ ಗೆಳೆಯರು ನಿಂತಿದ್ದಾರೆ. ಯಾರು ಹೊಡೆದಿದ್ದು ಅಂತ ಅವರಿಗೆ ಗೊತ್ತು, ಅವನ ಮನೆಯೂ ಗೊತ್ತು. ಒಬ್ಬ ಪದೇ ಪದೇ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬರುತ್ತಾನೆ. ಕಾರ್ಯಕರ್ತ ಉಪದೇಶ ಮಾಡುವುದಿಲ್ಲ. ಫೋನಿನವನನ್ನೇ ಪಕ್ಕಕ್ಕೆ ಕರೆಯುತ್ತಾನೆ. "ಒಳಗಿರೋನ ತಾಯಿ ಬರ್ತಿದ್ದಾರೆ, ಅವರು ಬಂದಾಗ ನೀನು ಇಲ್ಲಿರಬೇಕು" ಅನ್ನುತ್ತಾನೆ. ಆ ಹುಡುಗ ನಿಲ್ಲುತ್ತಾನೆ. ಬೆಳಗಿನ ಜಾವ ಐದಕ್ಕೆ ಕಾರ್ಯಕರ್ತ ಒಬ್ಬೊಬ್ಬರನ್ನೇ ಮನೆ ಬಾಗಿಲ ತನಕ ಬಿಟ್ಟು ಬರುತ್ತಾನೆ.

ಹತ್ತು ಗಂಟೆಗೆ ಅವನು ಫಾರಂ ತುಂಬಬೇಕು. ಅದರಲ್ಲಿ ಇರುವ ಕಾಲಂಗಳು: ಕಾರ್ಯಕ್ರಮದ ಹೆಸರು, ಫಲಾನುಭವಿಗಳ ಸಂಖ್ಯೆ, ಹಾಜರಿ ಸಹಿ. ಕಾರಿಡಾರಿನಲ್ಲಿ ನಿಂತಿದ್ದವರ ಹೆಸರು ಬರೆದುಕೊಟ್ಟರೆ, ಅದು ನಾಳೆ ಪೊಲೀಸ್ ಠಾಣೆ ಸೇರಿದರೆ, ನಾಡಿದ್ದು ಅವನಿಗೆ ಯಾರೂ ಫೋನ್ ಮಾಡುವುದಿಲ್ಲ. ಬರೆಯದಿದ್ದರೆ ಆ ರಾತ್ರಿ ಏನೂ ಆಗಲೇ ಇಲ್ಲ. ನೀವು ಕೇಳುವ ವೋಚರ್ ಇದೇ ಅಲ್ವಾ?

ಶಿಕಾಗೋದಲ್ಲಿ ಇಂಥ ಕೆಲಸವನ್ನೇ ಕಸುಬು ಮಾಡಿದವರಿದ್ದಾರೆ. ಆಫ್ರಿಕಾದಲ್ಲಿ ಏಡ್ಸ್, ಕಾಲರಾ ವಿರುದ್ಧ ದುಡಿದು ಬಂದ ಗ್ಯಾರಿ ಸ್ಲಟ್‌ಕಿನ್ ಎಂಬ ವೈದ್ಯರು, ಹೊಡೆದಾಟವೂ ಸೋಂಕಿನ ಹಾಗೇ ಹರಡುತ್ತದೆ ಎಂದು ಯೋಚಿಸಿ 2000ದಲ್ಲಿ 'ಸೀಸ್‌ಫೈರ್' ಶುರು ಮಾಡಿದರು. ಬಾಸ್ಟನ್ನಿನದಕ್ಕೂ ಇದಕ್ಕೂ ಹೆಸರು ಒಂದೇ, ಸಂಬಂಧವಿಲ್ಲ. ಇಲ್ಲಿನ ಮಧ್ಯಸ್ಥರಲ್ಲಿ ಹಲವರು ಹಿಂದೆ ತಾವೇ ಗ್ಯಾಂಗಿನಲ್ಲಿದ್ದು ಜೈಲು ಕಂಡು ಬಂದವರು. ಸರ್ಕಾರದ ದುಡ್ಡಿನಲ್ಲೇ ನಡೆದ ಹೊರಗಿನವರ ಮೌಲ್ಯಮಾಪನ 2008ರಲ್ಲಿ ಬಂತು. ಲೆಕ್ಕ ಹಾಕಿದ 7 ಜಾಗಗಳಲ್ಲಿ 4ರಲ್ಲಿ ಗುಂಡೇಟು ಇಳಿದದ್ದನ್ನು ಕಾರ್ಯಕ್ರಮದ ಖಾತೆಗೆ ಬರೆಯಬಹುದಿತ್ತು. ಉಳಿದ ಕಡೆ ಹಾಗೆ ಹೇಳಲು ಬರುತ್ತಿರಲಿಲ್ಲ. ನನಗೆ ಇಂಥ ವರದಿಯೇ ನಂಬಿಕೆ ಹುಟ್ಟಿಸುತ್ತದೆ. ಏಳಕ್ಕೆ ಏಳೂ ಗೆದ್ದೆವು ಅಂದಿದ್ದರೆ ನಾನೂ ನಿಮ್ಮ ಪಕ್ಷ ಸೇರುತ್ತಿದ್ದೆ. ಆದರೆ ಆ ವರದಿ ಬರುವ ಮೊದಲೇ, 2007ರಲ್ಲಿ, ರಾಜ್ಯ ಸರ್ಕಾರ ದುಡ್ಡು ನಿಲ್ಲಿಸಿತ್ತು. ಕಾರ್ಯಕರ್ತರು ಮನೆಗೆ ಹೋಗಿದ್ದರು. 2015ರಲ್ಲಿ ಬಜೆಟ್ ಜಗಳದಲ್ಲಿ ಮತ್ತೆ ಅದೇ ಕಥೆ.

ಕಂಪ್ಯೂಟರ್ ಖರೀದಿ ಆರು ತಿಂಗಳು ನಿಂತರೆ ಆರು ತಿಂಗಳ ನಂತರ ಅದೇ ಕಂಪ್ಯೂಟರ್ ಬರುತ್ತದೆ. ಕಾರಿಡಾರಿನ ಮನುಷ್ಯ ಆರು ತಿಂಗಳು ಸಂಬಳವಿಲ್ಲದೆ ಇನ್ನೆಲ್ಲೋ ಲಾರಿ ಓಡಿಸಲು ಹೋದರೆ, ಅವನ ಫೋನಿನಲ್ಲಿದ್ದ ನಂಬಿಕೆಯೂ ಅವನ ಜೊತೆ ಹೋಗುತ್ತದೆ. ಅದಕ್ಕೆ ಮರು ಟೆಂಡರ್ ಕರೆಯಲಾಗುವುದಿಲ್ಲ. ಇನ್ನೊಂದು ಕಿರಿಕಿರಿ: ಮೊದಲು ಖರ್ಚು ಮಾಡಿ, ಬಿಲ್ ತನ್ನಿ, ಆಮೇಲೆ ಕೊಡ್ತೀವಿ ಎನ್ನುವ ನಿಯಮ. ದೊಡ್ಡ ಸಂಸ್ಥೆಗೆ ಸರಿ. ಒಂದು ಕೋಣೆಯಲ್ಲಿ ನಡೆಯುವ ಸಂಘಕ್ಕೆ ಮೂರು ತಿಂಗಳ ಸಂಬಳ ಮುಂಗಡ ಹಾಕಲು ಎಲ್ಲಿದೆ? ಹಾಗಾಗಿ ಅರ್ಜಿ ಬರೆಯುವ ಚಾಕಚಕ್ಯತೆ ಇದ್ದವರಿಗೇ ದುಡ್ಡು ಸಿಗುತ್ತದೆ. ಬೀದಿ ಗೊತ್ತಿದ್ದವರು ಸರದಿಯಲ್ಲಿ ನಿಂತೇ ಇರುತ್ತಾರೆ.

ಈಗ ವೋಚರಿಗೆ ಬರುತ್ತೇನೆ. ಅದು ಸಂಘದ ಕಡತದಲ್ಲಿ ಸಿಗುವುದಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹುಡುಕಬೇಕು. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಮುಖ, ದವಡೆ ಹೊಲಿಯುವ ಸರ್ಜನ್ ಜೊನಾಥನ್ ಶೆಫರ್ಡ್ ಒಂದು ವಿಷಯ ಗಮನಿಸಿದರು. ಹೊಡೆದಾಟದಲ್ಲಿ ಗಾಯಗೊಂಡು ಬಂದ ಎಷ್ಟೋ ಜನರ ಸುದ್ದಿ ಪೊಲೀಸರಿಗೆ ತಲುಪಿರಲೇ ಇಲ್ಲ. ಎಲ್ಲಿ, ಯಾವಾಗ, ಯಾವ ಆಯುಧ, ಇಷ್ಟನ್ನು ಸ್ವಾಗತದ ಮೇಜಿನಲ್ಲೇ ಕೇಳಿ ಬರೆದುಕೊಂಡು, ಹೆಸರು ತೆಗೆದುಹಾಕಿ, ಪೊಲೀಸರಿಗೂ ನಗರಸಭೆಗೂ ಕೊಡುವ ವ್ಯವಸ್ಥೆ ಮಾಡಿದರು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಂಥದೇ ಬೇರೆ ನಗರಗಳಿಗೆ ಹೋಲಿಸಿದರೆ ಕಾರ್ಡಿಫ್‌ನಲ್ಲಿ ಹೊಡೆದಾಟದಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಶೇಕಡಾ 42ರಷ್ಟು ಕಡಿಮೆಯಾಯಿತು. ಅದು ಗ್ಯಾಂಗ್‌ಗೇ ಮೀಸಲಾದ ಕೆಲಸವಲ್ಲ. ಆದರೆ ಲೆಕ್ಕದ ದಾರಿ ಅದೇ. ಗಾಯ ಸುಳ್ಳು ಹೇಳುವುದಿಲ್ಲ, ಅದನ್ನು ಎಣಿಸುವ ನರ್ಸ್‌ಗೆ ಅನುದಾನದ ಹಂಗಿಲ್ಲ.

ಕೆಲವೊಮ್ಮೆ ವೋಚರ್ ಇನ್ನೂ ಸುಲಭ. ಲಾಸ್ ಏಂಜಲೀಸ್ 2008ರಲ್ಲಿ ಬೇಸಿಗೆಯ ರಾತ್ರಿಗಳಲ್ಲಿ 8 ಪಾರ್ಕುಗಳ ದೀಪ ಆರಿಸದೆ, ಮಧ್ಯರಾತ್ರಿ ತನಕ ಆಟ, ಊಟ ಇಟ್ಟಿತು. ಜಾಸ್ತಿ ಗುಂಡು ಹಾರುವ ಹೊತ್ತು ಅದೇ ಆಗಿತ್ತು. ಈ ಯೋಜನೆಯ ವೋಚರ್ ಕರೆಂಟ್ ಬಿಲ್. ನಿಮಗೆ ಸಮಾಧಾನ ಆಗಬಹುದು.

ಸ್ಕಾಟ್ಲೆಂಡ್‌ನ ಗ್ಲ್ಯಾಸ್ಗೋ ನಗರದ ಬಗ್ಗೆ ಹೇಳದೆ ಬಿಡಲಾರೆ. 2005ರಲ್ಲಿ ಅಲ್ಲಿನ ಪೊಲೀಸರೇ ಹಿಂಸೆ ತಗ್ಗಿಸಲು ಒಂದು ಘಟಕ ಕಟ್ಟಿದರು. ಶುರು ಮಾಡಿದವರು ಜಾನ್ ಕಾರ್ನೊಕನ್ ಎಂಬ ಪತ್ತೇದಾರ ಮತ್ತು ಕ್ಯಾರಿನ್ ಮೆಕ್ಲಸ್ಕಿ ಎಂಬ ವಿಶ್ಲೇಷಕಿ. ಮೆಕ್ಲಸ್ಕಿ ಮೊದಲು ನರ್ಸ್ ಆಗಿದ್ದವರು. 2008ರಲ್ಲಿ ಊರಿನ ಪೂರ್ವ ಭಾಗದ ಗ್ಯಾಂಗ್ ಹುಡುಗರನ್ನು ಕೋರ್ಟಿಗೆ ಕರೆಸಿದರು. ಆರೋಪಿಗಳಾಗಿ ಬಂದವರಲ್ಲ, ಕೇಳಿಸಿಕೊಳ್ಳಲು ಬಂದವರು. ಪೊಲೀಸರು ಎಚ್ಚರಿಕೆ ಕೊಟ್ಟರು. ಡಾಕ್ಟರು ಚಾಕು ಏನು ಮಾಡುತ್ತದೆ ಅಂತ ಹೇಳಿದರು. ಮಗನ ಮೇಲೆ ದಾಳಿಯಾದ ತಾಯಿಯೊಬ್ಬರು ಎದ್ದು ಮಾತಾಡಿದರು. ಹೋಗುವಾಗ ಹುಡುಗರ ಕೈಗೆ ಒಂದು ಫೋನ್ ನಂಬರ್. ಬಿಡಬೇಕು ಅನಿಸಿದರೆ ಕರೆ ಮಾಡಿ.

ಆ ಯೋಜನೆಯ ದುಡ್ಡು 2011ಕ್ಕೆ ಮುಗಿಯಿತು. ಆದರೆ ಘಟಕ ಮುಚ್ಚಲಿಲ್ಲ. ಸ್ಕಾಟ್ಲೆಂಡ್ ಸರ್ಕಾರ ಅದನ್ನು ಸಾಕುತ್ತಲೇ ಬಂತು. 2015ರಲ್ಲಿ ಗಾಯಗೊಂಡವರ ಹಾಸಿಗೆ ಪಕ್ಕದಲ್ಲೇ ಮಾತಿಗೆ ಕೂರುವ ಕಾರ್ಯಕರ್ತರು ಗ್ಲ್ಯಾಸ್ಗೋ ಆಸ್ಪತ್ರೆಗೆ ಬಂದರು. ನಾನು ಮೇಲೆ ಹೇಳಿದ ಕಾರಿಡಾರು ಅಲ್ಲಿ ಸರ್ಕಾರಿ ವ್ಯವಸ್ಥೆಯ ಒಂದು ಭಾಗವೇ ಆಗಿದೆ. 2004-05ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಸುಮಾರು 140 ಕೊಲೆಗಳಾಗಿದ್ದವು. ಹತ್ತು ವರ್ಷದಲ್ಲಿ ಅದು 60ರ ಆಸುಪಾಸಿಗೆ ಬಂತು. ಚಾಕು ಇಟ್ಟುಕೊಂಡವರಿಗೆ ಶಿಕ್ಷೆಯೂ ಹೆಚ್ಚಿತ್ತು, ಅದೂ ಲೆಕ್ಕಕ್ಕೆ ಬರಬೇಕು.

ಸರ್ಕಾರಗಳು ಇದರಿಂದ ಪಾಠ ಕಲಿತವೇ? ಅರ್ಧಂಬರ್ಧ. ಬ್ರಿಟನ್ 2019ರಲ್ಲಿ ಯುವಕರ ಹಿಂಸೆ ತಡೆಯಲು 20 ಕೋಟಿ ಪೌಂಡಿನ ನಿಧಿಯೊಂದನ್ನು ಹತ್ತು ವರ್ಷಕ್ಕೆಂದೇ ಕಟ್ಟಿತು. ಯಾವುದು ನಡೆಯುತ್ತದೆ, ಯಾವುದು ಬರೀ ಮಾತು ಅಂತ ಪರೀಕ್ಷಿಸುವುದೂ ಆ ನಿಧಿಯ ಕೆಲಸ. ಅಮೆರಿಕ 2022ರ ಕಾನೂನಿನಲ್ಲಿ ಹಿಂಸೆ ತಡೆಯುವ ಸ್ಥಳೀಯ ಕೆಲಸಕ್ಕೆ ಐದು ವರ್ಷಕ್ಕೆ 25 ಕೋಟಿ ಡಾಲರ್ ಎತ್ತಿಟ್ಟಿತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆ 300ಕ್ಕೂ ಹೆಚ್ಚು ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿತು. ಅದರಲ್ಲಿ ಇಂಥ ಎಷ್ಟೋ ಸಂಘಗಳ ದುಡ್ಡೂ ಹೋಯಿತು. ಎತ್ತು ಏರಿಗೆ, ಕೋಣ ನೀರಿಗೆ.

ಇಟಲಿಯದು ಬೇರೆ ದಾರಿ, ನಿಮ್ಮಂಥವರಿಗೆ ಹಿಡಿಸಬಹುದು. ಮಾಫಿಯಾದಿಂದ ಜಪ್ತಿ ಮಾಡಿದ ಮನೆ, ಹೊಲಗಳನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಎಂದು ಜನ ಹತ್ತು ಲಕ್ಷ ಸಹಿ ಸಂಗ್ರಹಿಸಿದರು. 1996ರಲ್ಲಿ 109ನೇ ಕಾನೂನು ಬಂತು. ಡಾನ್‌ಗಳ ಹೊಲದಲ್ಲಿ ಈಗ ಯುವಕರ ಸಹಕಾರ ಸಂಘಗಳು ಗೋಧಿ, ದ್ರಾಕ್ಷಿ ಬೆಳೆಯುತ್ತವೆ. ತೆರಿಗೆದಾರನ ಜೇಬಿಗೂ ಜಾಸ್ತಿ ಕೈ ಹಾಕಿದಂತಾಗಲಿಲ್ಲ.

ನಿಮ್ಮ ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದೀರಿ. ಆಮೇಲೆ ಅಳಿಸಲು ನೋಡಿದ್ದೀರಿ, ಆದರೂ ಓದಲು ಬರುತ್ತದೆ: "ಆ ಫಾರಂ ನೀವೇ ಮಾಡಿದ್ದರೆ ಏನು ಕೇಳುತ್ತಿದ್ದಿರಿ?" ಫಲಾನುಭವಿಗಳ ಸಂಖ್ಯೆ ತೆಗೆದು, ಆ ಜಾಗದಲ್ಲಿ ಒಂದೇ ಕಾಲಂ ಇಡುತ್ತಿದ್ದೆ. ಹೋದ ವರ್ಷ ಇಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಈ ವರ್ಷವೂ ಇರುವವರು ಎಷ್ಟು ಜನ? ಅದಕ್ಕೆ ಸಂಬಳದ ರಿಜಿಸ್ಟರ್ ಇದೆ, ನೀವು ತಪಾಸಣೆ ಮಾಡಬಹುದು.

ಇಂತಿ,
ಸಂಪಾದಕ