ಕಪ್ಪೆಗೆ ಏಪ್ರಿಲ್ ಗೊತ್ತಿಲ್ಲ, ಮಿರಗಾ ಗೊತ್ತು

ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿಯ ಉತ್ತರ

ಏಪ್ರಿಲ್ ಕೊನೆಗೆ ‘ಕಪ್ಪೆ ಉಳಿಸಿ ದಿನ’ವಂತೆ. ನಮ್ಮ ಶಾಲೆಯಿಂದ ಜಾಥಾ, ಚಿತ್ರ ಸ್ಪರ್ಧೆ ಮಾಡಬೇಕೆಂದಿದ್ದೇವೆ. ಒಂದು ಒಳ್ಳೆಯ ಘೋಷಣೆ ಬರೆದುಕೊಡಿ.
— ಶಿಕ್ಷಕಿ, ಧಾರವಾಡ

ಘೋಷಣೆ ನನಗೆ ಬರುವುದಿಲ್ಲ, ತಾರೀಖು ಬೇಕಾದರೆ ಬದಲಿಸಿಕೊಡುತ್ತೇನೆ. ಆ ದಿನವನ್ನು 2009ರಲ್ಲಿ ಶುರುಮಾಡಿದ್ದು ಅಮೆರಿಕದ ಒಂದು ಸಂಸ್ಥೆ. ಅವರಲ್ಲಿ ಆಗ ವಸಂತ, ಹೊಂಡದಲ್ಲಿ ನೀರಿರುತ್ತದೆ. ನಮ್ಮ ಎರಿಹೊಲಗಳಲ್ಲಿ ಆಗ ಕೈ ತೂರುವಷ್ಟು ಬಿರುಕು. ಕಪ್ಪೆ ಮಣ್ಣಿನೊಳಗೆ ಹುದುಗಿ ಕೂತಿರುತ್ತದೆ. ಅಷ್ಟಕ್ಕೂ ಏಪ್ರಿಲ್ ಕೊನೆಗೆ ನಿಮ್ಮ ಶಾಲೆಗೆ ರಜೆ ಅಲ್ಲವೆ? ರಜೆಯಲ್ಲಿ ಜಾಥಾಕ್ಕೆ ಕರೆದರೆ ಮಕ್ಕಳು ಕಪ್ಪೆಗೇ ಬೈದಾವು.

ಮಿರಗಾ, ಅಂದರೆ ಜೂನ್‌ನ ಮೃಗಶಿರಾ ಮಳೆ, ಕೂಡಲಿ. ಮೊದಲ ಜೋರು ಮಳೆ ಬಂದ ರಾತ್ರಿ ಮಕ್ಕಳನ್ನೂ ಅವರ ಅಪ್ಪ-ಅವ್ವಂದಿರನ್ನೂ ಕರೆದುಕೊಂಡು ಕೆರೆ ದಂಡೆಗೆ ಹೋಗಿ. ಹೋದ ವರ್ಷ ನಮ್ಮ ಓಣಿಯ 11 ಮಕ್ಕಳನ್ನು ಕೆಲಗೇರಿ ಕೆರೆ ಕಡೆ ಕರೆದೊಯ್ದಿದ್ದೆ. ಎಂಟು ಗಂಟೆ ಇರಬೇಕು, ಮಳೆ ನಿಂತು ಗಿಡದ ಹನಿ ಮಾತ್ರ ಬೀಳುತ್ತಿತ್ತು. ತಗ್ಗಿನ ನೀರಿನಲ್ಲಿ ಗಂಡು ಗೂಳಿಗಪ್ಪೆಗಳು. ವರ್ಷವೆಲ್ಲ ಕೆಸರುಬಣ್ಣದಲ್ಲಿ ಕಣ್ಣಿಗೇ ಬೀಳದ ಪ್ರಾಣಿ, ಆ ಒಂದೆರಡು ದಿನ ಮಾತ್ರ ಮೈಯೆಲ್ಲ ಹಳದಿ, ಗಲ್ಲದ ಎರಡೂ ಬದಿಗೆ ಕಡುನೀಲಿ ಚೀಲ. ಒಂದು ಹುಡುಗಿ ಕೇಳಿದಳು: “ಅಜ್ಜಿ, ಇವಕ್ಕ ಅರಿಷಿಣ ಹಚ್ಚ್ಯಾರೇನ್ರಿ?” ಮದುವೆಯೇ ನಡೆದಿತ್ತು, ತಪ್ಪೇನು ಹೇಳಲಿಲ್ಲ ಆಕೆ. ಇದೇ ಹಳದಿ ಕಪ್ಪೆಯ ಚಿತ್ರವನ್ನು ಪ್ರತಿ ಜೂನ್‌ನಲ್ಲಿ ಯಾರೋ ಒಬ್ಬರು ‘ವಿಷಕಪ್ಪೆ, ಎಚ್ಚರ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ವಿಷವೂ ಇಲ್ಲ, ಎಲ್ಲಿಂದಲೋ ಬಂದದ್ದೂ ಅಲ್ಲ.

ವಾಪಸ್ ಬರುವಾಗ ಡಾಂಬರಿನ ಮೇಲೆ ಟಾರ್ಚ್ ಬಿಟ್ಟೆವು. ನೀರಿಗೆ ಹೊರಟವು ಗಾಲಿಗೆ ಸಿಕ್ಕು ಚಪ್ಪಟೆಯಾಗಿ ಅಂಟಿಕೊಂಡಿದ್ದವು. ಒಬ್ಬ ಹುಡುಗ ತಿರುವಿನವರೆಗೆ ಎಣಿಸಿದ: 23. ಜಗತ್ತಿನ ಉಭಯವಾಸಿಗಳಲ್ಲಿ ಸುಮಾರು 100ಕ್ಕೆ 41 ಪ್ರಭೇದಗಳು ಅಳಿವಿನ ಅಂಚಿಗೆ ಸರಿಯುತ್ತಿವೆ ಎಂದು 2023ರ ಜಾಗತಿಕ ಪರಿಶೀಲನೆ ಹೇಳಿದೆ. ಹೊರಡುವ ಮೊದಲು ಇದನ್ನು ಹೇಳಿದಾಗ ಆ ಹುಡುಗ ಆಕಳಿಸಿದ್ದ. ಅವನ ಅಪ್ಪ ಟಂಟಂ ಓಡಿಸುತ್ತಾನೆ. ಈಗ ಮಳೆ ರಾತ್ರಿ ಆ ತಿರುವಿನಲ್ಲಿ ಗಾಡಿ ನಿಧಾನ ಮಾಡದಿದ್ದರೆ ಮಗ ಹಿಂದಿನಿಂದ ಬೆನ್ನಿಗೆ ಗುದ್ದುತ್ತಾನಂತೆ.

ಎರಡು ಮಾತು ನೆನಪಿರಲಿ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಿಂದ ಯಾರೂ ಕಪ್ಪೆ ಮುಟ್ಟಬಾರದು, ಅದು ಚರ್ಮದಿಂದಲೂ ಉಸಿರಾಡುತ್ತದೆ. ಗೊದಮೊಟ್ಟೆಯನ್ನು ಬಾಟಲಿಯಲ್ಲಿ ಹಿಡಿದು ತಂದು ಇನ್ನೊಂದು ಕೆರೆಗೆ ಬಿಡಬಾರದು, ನೀರಿನ ಜೊತೆ ರೋಗವೂ ಹೋಗುತ್ತದೆ.

ಕೃಷಿಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಮೇಲೆ ಮಳೆಗಾಲದಲ್ಲಿ ಕಪ್ಪೆಗಳು ಸತ್ತು ತೇಲುತ್ತಿವೆ. ನೀರಿಗೆ ಏನಾದರೂ ಔಷಧಿ ಹಾಕಬೇಕೇ?
— ರೈತ, ಸವಣೂರು

ಏನೂ ಹಾಕಬೇಡಿ. ಒಳಗೆ ಇಳಿದದ್ದು ಹತ್ತಲಾಗದೆ ಸಾಯುತ್ತಿದೆ. ಹಾಳೆ ನುಣುಪು, ದಂಡೆ ಕಡಿದು. ನೆಲಗಪ್ಪೆಯ ಬೆರಳಿಗೆ ಹಿಡಿತವಿಲ್ಲ. ಇಡೀ ರಾತ್ರಿ ಈಜಿ ಈಜಿ ಸೋಲುತ್ತದೆ.

ಕುಂದಗೋಳದ ಹತ್ತಿರ ನನ್ನ ತಮ್ಮನ ಹೊಲದಲ್ಲೂ ಹೀಗೇ ಆಗಿತ್ತು. ಹಳೇ ಗೋಣಿಚೀಲ ಬಿಚ್ಚಿ, ಉದ್ದಕ್ಕೆ ಹೊಲಿದು, ದಂಡೆಯ ಗೂಟಕ್ಕೆ ಕಟ್ಟಿ ನಾಲ್ಕೂ ಮೂಲೆಯಲ್ಲಿ ಇಳಿಬಿಟ್ಟೆವು. ನೀರು ತಳ ಸೇರಿದಾಗಲೂ ಮುಟ್ಟುವಷ್ಟು ಉದ್ದವಿರಲಿ. ತುದಿಗೆ ನಾವು ಮೊದಲು ಕಲ್ಲು ಕಟ್ಟಿ ಹಾಳೆ ಹರಿದುಕೊಂಡೆವು, ತಮ್ಮ ಈಗಲೂ ಅದನ್ನು ಆಡಿಕೊಳ್ಳುತ್ತಾನೆ. ನೀವು ಮರಳು ತುಂಬಿದ ಬಾಟಲಿ ಕಟ್ಟಿ. ಮರುದಿನ ನಸುಕಿನಲ್ಲಿ ನೋಡಿದರೆ ಒಂದು ದಪ್ಪ ನೆಲಗಪ್ಪೆ ಗೋಣಿಯ ಅರ್ಧ ಹತ್ತಿ, ಸುಧಾರಿಸಿಕೊಳ್ಳುತ್ತ ಕೂತಿತ್ತು. ಬದುಕಿದ್ದು ಹೊಲಕ್ಕೇ ಹೋಗಿ ಹುಳ ತಿನ್ನುತ್ತದೆ. ಗೋವಿನಜೋಳದ ಲದ್ದಿಹುಳುವನ್ನೆಲ್ಲ ಅದೇ ಮುಗಿಸುತ್ತದೆ ಎಂದು ಮಾತ್ರ ನಾನು ಹೇಳಲಾರೆ.

ದಿನಾ ರಾತ್ರಿ ಬಚ್ಚಲಿನ ಗೋಡೆಗೆ ಒಂದು ಕಪ್ಪೆ ಅಂಟಿಕೊಂಡಿರುತ್ತದೆ. ಮುಟ್ಟಿದರೆ ನರೂಲಿ ಏಳುತ್ತದೆ ಎನ್ನುತ್ತಾರೆ ಅತ್ತೆ.
— ಓದುಗಿ, ಹುಬ್ಬಳ್ಳಿ

ಅದು ಮರಗಪ್ಪೆ, ಬೇಸಿಗೆಯಲ್ಲಿ ತಂಪಿಗೆ ಬಂದಿದೆ. ನರೂಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ವೈರಸ್‌ನಿಂದ. ಅತ್ತೆಯವರ ಜೊತೆ ವಾದಕ್ಕಿಳಿಯಬೇಡಿ, ಫಿನೈಲ್ ಸುರಿಯುವ ಮೊದಲು ಅದನ್ನೊಂದು ಮಗ್‌ನಲ್ಲಿ ಹೊರಗಿನ ಗಿಡಕ್ಕೆ ಬಿಡಿ. ನಾಳೆ ಮತ್ತೆ ಬಂದಿರುತ್ತದೆ, ಅದು ಬೇರೆ ಮಾತು.

ಮಳೆ ಬಾರದಿದ್ದರೆ ನಮ್ಮೂರಲ್ಲಿ ಕಪ್ಪೆ ಮದುವೆ ಮಾಡುತ್ತಾರೆ. ಇದನ್ನು ನಿಲ್ಲಿಸುವುದು ಹೇಗೆ?
— ಪದವಿ ವಿದ್ಯಾರ್ಥಿ, ಗದಗ ಜಿಲ್ಲೆ

ನಿಲ್ಲಿಸಲು ಹೋಗಿ ಊರವರ ಜೊತೆ ಜಗಳವಾಡಬೇಡ. ಕಪ್ಪೆಗೂ ಮಳೆಗೂ ನಂಟು ಕಂಡವರೇ ಅಲ್ಲವೆ ಆ ಮದುವೆ ಮಾಡುವವರು? ಬರಗಾಲದ ಬಿಸಿಲಲ್ಲಿ ಎರಡು ಜೀವ ಹಿಡಿದು, ಅರಿಷಿಣ-ಕುಂಕುಮ ಬಳಿದು, ಮೆರವಣಿಗೆ ಮಾಡಿದರೆ ಚರ್ಮ ಒಣಗಿ ಸಾಯುತ್ತವೆ, ತೊಂದರೆ ಅಷ್ಟೇ. ಮಳೆ ಬೇಡಲು ಹೊರುವ ಗುರ್ಜಿಯನ್ನು ಸೆಗಣಿಯಲ್ಲಿ ಮಾಡುವ ನಾವು, ಮಣ್ಣೆತ್ತಿನ ಅಮಾವಾಸ್ಯೆಗೆ ಎರಿಮಣ್ಣಿನಲ್ಲಿ ಜೋಡೆತ್ತು ಮಾಡುವ ನಾವು, ಜೋಡಿಗಪ್ಪೆ ಮಾಡಲಾರೆವೆ? ಊರಿನ ಹಿರಿಯ ಹೆಣ್ಣುಮಕ್ಕಳ ಮುಂದೆ ಇಟ್ಟುನೋಡು. ಹಾಡುವವರೂ ಅವರೇ, ನಿರ್ಧಾರವೂ ಅವರದೇ.

ಮೇಡಂ, ಪಿಯುಸಿಯಲ್ಲಿ ನಮ್ಮ ಕೈಯಿಂದ ಕಪ್ಪೆ ಕೊಯ್ಯಿಸಿದವರು ನೀವೇ. ಈಗ ಕಪ್ಪೆ ಉಳಿಸಿ ಅಂತೀರಿ!
— ನಿಮ್ಮ ಹಳೆಯ ವಿದ್ಯಾರ್ಥಿ

ಹೌದಪ್ಪ. ವಿದೇಶಕ್ಕೆ ಕಪ್ಪೆಯ ಕಾಲು ಕಳಿಸುವುದನ್ನು ಸರ್ಕಾರ 1987ರಲ್ಲಿ ನಿಲ್ಲಿಸಿತು. ನಮ್ಮ ಪ್ರಯೋಗಾಲಯಕ್ಕೆ ಒದ್ದೆ ಗೋಣಿಚೀಲ ಅದಾದ ಮೇಲೂ ಬರುತ್ತಲೇ ಇತ್ತು. ಚೀಲದ ಬಾಯಿ ಬಿಚ್ಚುವಾಗ ಒಳಗೆ ಮಿಸುಕಾಟ, ಮೇಣದ ತಟ್ಟೆ, ನಾಲ್ಕು ಗುಂಡುಸೂಜಿ. ಎದೆ ಬಿಚ್ಚಿದ ಮೇಲೂ ಹೃದಯ ಬಡಿಯುವುದನ್ನು ತೋರಿಸಿ “ನೋಡ್ರಿ, ಎಷ್ಟು ಚಂದ ಕಾಣ್ತದ” ಎನ್ನುತ್ತಿದ್ದೆ. ಕೆರೆ ದಾರಿಯಲ್ಲಿ 23 ಎಣಿಸಿದ ಆ ಹುಡುಗ ಇಟ್ಟ ಹಾಗೆ ನಾನು ಲೆಕ್ಕ ಇಡಲಿಲ್ಲ, ಎಷ್ಟಾದವೋ.

ಪತ್ರದಲ್ಲಿ ಊರಿನ ಹೆಸರು ಬರೆದಿಲ್ಲ ನೀನು. ಮಿರಗಾದ ಹೊತ್ತಿಗೆ ಧಾರವಾಡದಲ್ಲಿದ್ದರೆ ಕೆಲಗೇರಿ ಕಡೆ ಬಾ. ಟಾರ್ಚ್ ನೀನೇ ತಾ, ನನ್ನದರ ಸೆಲ್ ಮುಗಿದಿದೆ.