ಬೇಕಲ ನೋಡಿ ಹೋದವರ ಪ್ರಶ್ನೆಗೆ ಚಂದ್ರಗಿರಿ ಈಚೆಯಿಂದ ಉತ್ತರ

ನೀವು ಬೇಕಲಕ್ಕೆ ಬಂದು ಕೋಟೆ, ಬೀಚು, ರೆಸಾರ್ಟು ಎಲ್ಲ ನೋಡಿ ಹೋಗಿ "ಇಷ್ಟೆಲ್ಲ ಡೆವಲಪ್ ಆಗಿದೆ, ಮತ್ತೆ ಕಾಸರಗೋಡಿನವರು ನಮ್ಮೂರು ಹಿಂದೆ ಬಿತ್ತು ಅಂತ ಯಾಕೆ ಹೇಳ್ತೀರಿ" ಅಂತ ಕೇಳಿದ್ದೀರಿ. ಊರಿಗೊಂದು ಬ್ರ್ಯಾಂಡ್ ಮಾಡಿದ್ರೆ ಸಾಕಲ್ವಾ, ಮುಂದಿನ ಸಲ ಎಲ್ಲಿಗೆ ಬರ್ಲಿ ಅಂತಲೂ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದ ಆಗ್ತದೆ. ನೀವು ನೋಡಿದ್ದು ಚಂದ್ರಗಿರಿ ಹೊಳೆಯ ಆಚೆ ದಡ, ನಾವು ಕನ್ನಡದವರು ಜಾಸ್ತಿ ಇರುವುದು ಈಚೆ ಕಡೆ, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಹೀಗೆ. 1956ರಲ್ಲಿ ಆಗ ದಕ್ಷಿಣ ಕನ್ನಡದಲ್ಲಿದ್ದ ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯ್ತು, 1967ರಲ್ಲಿ ಗಡಿ ವಿವಾದ ನೋಡ್ಲಿಕ್ಕೆ ಕೇಂದ್ರ ಮಾಡಿದ ಮಹಾಜನ ಆಯೋಗ ಈ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ವರದಿ ಕೊಟ್ಟಿತು, ಅದು ಜಾರಿ ಆಗ್ಲಿಲ್ಲ. ಆ ಚರ್ಚೆ ಇಲ್ಲಿ ಬೇಡ, ಆದ್ರೆ ಇದು ಗೊತ್ತಿಲ್ದಿದ್ರೆ ಮುಂದಿನದ್ದು ಅರ್ಥ ಆಗ್ಲಿಕ್ಕಿಲ್ಲ.

ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಆಸುಪಾಸು. 1992ರಲ್ಲಿ ಕೇಂದ್ರ ಸರಕಾರ ಆ ಜಾಗವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಅಂತ ಘೋಷಿಸಿತು, 1995ರಲ್ಲಿ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಶನ್ ಬಂತು, ಜಾಗ ತೆಗೆದು ದೊಡ್ಡ ಹೋಟೆಲಿನವರಿಗೆ ಲೀಸಿಗೆ ಕೊಡುವ ಪ್ಲಾನು. ಅದರಿಂದ ರಸ್ತೆ ಆಯ್ತು, ಕೆಲಸ ಸಿಕ್ಕಿತು, ಹೊರಗಿನವರಿಗೆ ಜಿಲ್ಲೆಯ ಒಂದು ಹೆಸರಾದ್ರೂ ಗೊತ್ತಾಯ್ತು. ನಾನು ಅದನ್ನು ಬೈಯುವುದಿಲ್ಲ. ಬೇಸರ ಇರುವುದು ಎಂತ ಅಂದ್ರೆ ಆ ಹೆಸರು ಬರುವವರಿಗೋಸ್ಕರ ಮಾಡಿದ್ದು, ಇರುವವರಿಗೋಸ್ಕರ ಎಂತ ಮಾಡ್ಬೇಕು ಅಂತ ಯಾರೂ ಅಷ್ಟೇ ಗಟ್ಟಿಯಾಗಿ ಕೂತು ಯೋಚನೆ ಮಾಡ್ಲಿಲ್ಲ.

ಇಲ್ಲಿ ಊರು ಸೊರಗಿದೆ ಅಂದ್ರೆ ಮನೆ ಬಿದ್ದುಹೋಗಿದೆ ಅಂತ ಅಲ್ಲ. ಮನೆಗಳು ದೊಡ್ಡದೇ ಉಂಟು, ಗಲ್ಫಿನ ದುಡ್ಡು ಉಂಟು, ಅಡಿಕೆಗೆ ರೇಟು ಬಂದ ವರ್ಷ ಕಾರೂ ಬರ್ತದೆ. ಆದ್ರೆ ಕಾಸರಗೋಡು ಪೇಟೆಗೆ ರಾತ್ರಿ ಬನ್ನಿ, ಒಂದು ಜಿಲ್ಲಾ ಕೇಂದ್ರ ಇಷ್ಟು ಬೇಗ ಬಾಗಿಲು ಹಾಕ್ತದಾ ಅನಿಸ್ತದೆ. ಮದುವೆ ಜವಳಿಗೆ ಮಂಗಳೂರು, ಮಕ್ಕಳ ಕಾಲೇಜಿಗೆ ಮಂಗಳೂರು, ಎದೆನೋವು ಬಂದ್ರೂ ಮಂಗಳೂರು, 50 ಕಿಲೋಮೀಟರ್ ಅಷ್ಟೇ ಅಲ್ವಾ ಅಂತ ಹೇಳಿ ಎಲ್ಲದಕ್ಕೂ ಅಲ್ಲಿಗೇ ಹೋಗಿ ಅಭ್ಯಾಸ ಆಗಿದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಅದರ ಬೆಲೆ ಗೊತ್ತಾಯ್ತು, ಆಂಬುಲೆನ್ಸ್ ಆಚೆ ಹೋಗ್ಲಿಕ್ಕಾಗದೆ ರೋಗಿಗಳು ತೀರಿಹೋದ್ರು. ಬದಿಯಡ್ಕ ಹತ್ತಿರ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದು, ಹತ್ತು ವರ್ಷ ಕಳೆದರೂ ಅದು ಪೂರ್ತಿ ಆಸ್ಪತ್ರೆ ಆಗಿರ್ಲಿಲ್ಲ. ಈಗ ಹೆದ್ದಾರಿ ಆರು ಲೇನ್ ಆಗಿ ಪೇಟೆಯ ನೆತ್ತಿ ಮೇಲೇ ಸೇತುವೆ ಹೋಗಿದೆ, ಮಂಗಳೂರು ಇನ್ನೂ ಹತ್ತಿರ ಆಯ್ತು, ಪೇಟೆಯ ಅಂಗಡಿಯವರಿಗೆ ಅದರಿಂದ ಲಾಭವೋ ನಷ್ಟವೋ ಯೋಚನೆ ಮಾಡಿ ನೋಡಿ.

ಬ್ರ್ಯಾಂಡ್ ಅಂತ ಕೇಳಿದ್ರಿ, ಅದಕ್ಕೆ ಕಾಸರಗೋಡು ಸೀರೆಯದ್ದು ಹೇಳ್ತೇನೆ. ವಿದ್ಯಾನಗರದಲ್ಲಿ 1938ರಲ್ಲಿ ಶುರುವಾದ ನೇಕಾರರ ಸಹಕಾರ ಸಂಘ ಉಂಟು, ಕೈಮಗ್ಗದ ಹತ್ತಿ ಸೀರೆ, ಬಣ್ಣ ಹೋಗುವುದಿಲ್ಲ, ವರ್ಷಗಟ್ಟಲೆ ಬಾಳಿಕೆ ಬರ್ತದೆ. 2010ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಅಂತ ಸರಕಾರ ಒತ್ತುವ ಸೀಲು, ಸಿಕ್ಕಿತು. ಟ್ಯಾಗ್ ಬಂತು, ಆದ್ರೆ ಮಗ್ಗದ ಹತ್ತಿರ ಕೂತುಕೊಳ್ಳುವ ಹೊಸಬರು ಬರ್ಲಿಲ್ಲ, ದಿನಗೂಲಿಗೆ ಹೋದ್ರೆ ಅದಕ್ಕಿಂತ ಜಾಸ್ತಿ ಸಿಗುವಾಗ ಯಾರು ಬರ್ತಾರೆ. ಗಡಿಯಾಚೆ ಕಿನ್ನಿಗೋಳಿ ಹತ್ತಿರ ತಾಳಿಪಾಡಿ ನೇಕಾರರ ಸಂಘ ಮತ್ತು ಕದಿಕೆ ಟ್ರಸ್ಟ್ ಸೇರಿ ಉಡುಪಿ ಸೀರೆಗೆ ಪುನಃ ಜೀವ ಕೊಟ್ಟದ್ದು ಉಂಟಲ್ಲ, ಅಲ್ಲಿ ಮೊದಲು ನೋಡಿದ್ದು ನೇಯುವವರ ಬದುಕನ್ನು. ನಮ್ಮಲ್ಲಿಯೂ ಅದೇ ಕ್ರಮ ಆಗ್ಬೇಕು ಅಂತ ನನಗೆ ತುಂಬಾ ಆಸೆ. ಸೀಲು ಆಮೇಲೆ ಒತ್ತಿದ್ರೂ ಸೈ, ಮೊದಲು ಮಜೂರಿ ಸರಿ ಆಗ್ಲಿ.

ಹಳ್ಳಿ ಕಡೆ ನಿಜವಾಗಿ ಚೇತರಿಸಿಕೊಂಡದ್ದು ನೋಡ್ಬೇಕಾದ್ರೆ ಏತಡ್ಕಕ್ಕೆ ಹೋಗ್ಬೇಕು, ಕುಂಬಡಾಜೆ ಪಂಚಾಯತು. ಅಲ್ಲಿ ತೋಡಿಗೆ, ಅಂದ್ರೆ ಸಣ್ಣ ಹೊಳೆಗೆ, ಒಂದರ ಕೆಳಗೆ ಒಂದು ಕಟ್ಟ ಹಾಕ್ತಾರೆ. ಕಟ್ಟ ಅಂದ್ರೆ ನಿಮ್ಮ ಕಡೆಯವರಿಗೆ ಗೊತ್ತಿರ್ಲಿಕ್ಕಿಲ್ಲ, ಮಳೆ ಪೂರ್ತಿ ನಿಂತ ಮೇಲೆ ತೋಡಿಗೆ ಅಡ್ಡ ಕಲ್ಲು ಇಟ್ಟು, ಮಧ್ಯಕ್ಕೆ ಮಣ್ಣು ತುಂಬಿಸಿ ಚೆನ್ನಾಗಿ ತುಳಿದು ಮಾಡುವ ತಾತ್ಕಾಲಿಕ ಒಡ್ಡು, ಮುಂದಿನ ಮಳೆಗಾಲಕ್ಕೆ ತೆಗೆಯುವುದು ಅಥವಾ ಅದಾಗಿಯೇ ಹೋಗುವುದು. ಪ್ರತಿ ವರ್ಷ ಹೊಸತಾಗಿ ಆಗ್ಬೇಕು. ಈಗ ಪ್ಲಾಸ್ಟಿಕ್ ಶೀಟು ಹಾಕಿ ಕೆಲಸ ಹಗುರ ಮಾಡಿಕೊಂಡಿದ್ದಾರೆ. ನೀರು ತೋಡಲ್ಲಿ ನಿಂತ್ರೆ ಎರಡೂ ಬದಿಯ ತೋಟಕ್ಕೆ ಆಯ್ತು, ಬಾವಿಯಲ್ಲಿ ನೀರು ಮೇಲೆ ಬಂತು, ಬೇಸಗೆಯಲ್ಲಿ ಪಂಪು ಓಡುವ ಹೊತ್ತು ಕಮ್ಮಿ ಆಯ್ತು. ಒಬ್ಬನೇ ಕಟ್ಟ ಹಾಕಿದ್ರೆ ಇದು ಆಗುವುದಿಲ್ಲ, ಮೇಲಿನವನೂ ಕೆಳಗಿನವನೂ ಹಾಕಿದ್ರೆ ಮಾತ್ರ ಇಡೀ ತೋಡು ತುಂಬುವುದು.

ಮೊದಲು ಎಲ್ಲ ಕಡೆ ಇದು ಇತ್ತು. ಅದರ ಜೊತೆಗೆ ಬಾಯಾರು, ಪೈವಳಿಕೆ ಕಡೆ ಗುಡ್ಡದ ಕೆಂಪು ಮುರಕಲ್ಲಿಗೆ ಅಡ್ಡಕ್ಕೆ ಕೊರೆದ ಸುರಂಗಗಳು, ಪಂಪಿಲ್ಲ ಕರೆಂಟಿಲ್ಲ, ನೀರು ತಾನಾಗಿ ಹರಿದು ಅಂಗಳಕ್ಕೆ ಬರ್ತದೆ. ಬೋರ್‌ವೆಲ್ ಬಂದ ಮೇಲೆ ಪ್ರತಿಯೊಬ್ಬನ ನೀರು ಅವನವನ ಜಾಗದಲ್ಲೇ ಸಿಕ್ಕಿತು, ನೆರೆಮನೆಯವನ ಹತ್ತಿರ ಕಟ್ಟದ ಬಗ್ಗೆ ಮಾತಾಡ್ಬೇಕಾದ ಅಗತ್ಯವೇ ತಪ್ಪಿತು, ಕಟ್ಟ ನಿಂತಿತು, ಸುರಂಗ ಒಣಗಿತು, ಕೊನೆಗೆ ಬೋರೂ ಒಣಗಿತು. ನಮ್ಮ ಹಳ್ಳಿ ಸೊರಗಿದ್ದು ಹೀಗೆ ಅಂತ ನಾನು ನಂಬಿದ್ದೇನೆ, ಪೇಟೆಯದ್ದೂ ಹೆಚ್ಚು ಕಮ್ಮಿ ಅದೇ ಕಥೆ, ಅವರವರ ಕಾರಲ್ಲಿ ಅವರವರು ಮಂಗಳೂರಿಗೆ. ಏತಡ್ಕದವರಿಗೆ ಯಾವ ಬ್ರ್ಯಾಂಡ್ ಏಜೆನ್ಸಿಯೂ ಬಂದು ಪ್ಲಾನ್ ಕೊಟ್ಟದ್ದಲ್ಲ, ಕೃಷಿಕರು ಕೂತು ಖರ್ಚು ಹಂಚಿಕೊಂಡರು.

ಇನ್ನು ಹೆಸರಿನ ವಿಷಯ. 2021ರಲ್ಲಿ ಇಲ್ಲಿಯ ಕನ್ನಡ ಊರ ಹೆಸರುಗಳನ್ನು ಮಲಯಾಳಕ್ಕೆ ಬದಲಾಯಿಸ್ತಾರೆ ಅಂತ ದೊಡ್ಡ ಸುದ್ದಿ ಆಯ್ತು, ಕೇರಳ ಮುಖ್ಯಮಂತ್ರಿ ಅಂಥ ತೀರ್ಮಾನವೇ ಇಲ್ಲ ಅಂದ್ರು. ಸರಿ. ಆದ್ರೆ ಪ್ರವಾಸಿಗರಿಗೆ ಅಂತ ಹಾಕುವ ಹೊಸ ಬೋರ್ಡುಗಳಲ್ಲಿ ಮಧೂರು ಅಂತ ಊರಿನ ಹೆಸರು ಮಧೂರಾಗಿಯೇ, ಕನ್ನಡದಲ್ಲಿಯೂ ಇರ್ಲಿ ಅಂತ ಕೇಳುವುದು ದೊಡ್ಡ ಬೇಡಿಕೆ ಅಲ್ಲ. ಜಾಹೀರಾತಿನಲ್ಲಿ ಸಪ್ತಭಾಷಾ ಸಂಗಮ ಭೂಮಿ ಅಂತ ಹಾಕ್ತಾರೆ, ತುಳು, ಬ್ಯಾರಿ, ಕೊಂಕಣಿ ಎಲ್ಲ ನಮ್ಮ ಬೀದಿಯಲ್ಲಿ ನಿತ್ಯ ಕೇಳ್ತದೆ, ಬೋರ್ಡಿನಲ್ಲಿಯೂ ಸ್ವಲ್ಪ ಕಾಣ್ಲಿ.

ಮತ್ತೊಂದು ಹೆಸರು ಉಂಟು, ಎಂಡೋಸಲ್ಫಾನ್ ಜಿಲ್ಲೆ ಅಂತ. ಎಣ್ಮಕಜೆಯ ಪಡ್ರೆ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಸುಮಾರು 20 ವರ್ಷ, 2000ದವರೆಗೆ ಈ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕು ಅಂತ ಹೇಳಿತು. ಈ ಹೆಸರು ಅಳಿಸ್ಬೇಕು, ಊರಿನ ಇಮೇಜ್ ಹಾಳಾಗ್ತದೆ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ, ನನಗೆ ಒಪ್ಪಿಗೆ ಇಲ್ಲ. ಅದರಿಂದ ಕಾಯಿಲೆ ಬಿದ್ದ ಮಕ್ಕಳನ್ನು ನೋಡಿಕೊಳ್ಳುವ ಅಮ್ಮಂದಿರು ಇನ್ನೂ ಇಲ್ಲೇ ಇದ್ದಾರೆ ಮಾರಾಯ್ರೆ, ಅವರಿಗೆ ಹತ್ತಿರದಲ್ಲಿ ಒಳ್ಳೆ ಆಸ್ಪತ್ರೆ ಆದ್ರೆ ಅದೇ ಇಮೇಜ್.

ಮುಂದಿನ ಸಲ ಎಲ್ಲಿಗೆ ಬರ್ಲಿ ಅಂತ ಕೇಳಿದ್ರಲ್ಲ. ಡಿಸೆಂಬರ್ ಆಸುಪಾಸಿಗೆ ಬನ್ನಿ, ಬೇಕಲಕ್ಕೂ ಹೋಗಿ, ವಿದ್ಯಾನಗರದಲ್ಲಿ ಮನೆಯವರಿಗೆ ಒಂದು ಸೀರೆ ತೆಗೊಳ್ಳಿ. ಆಮೇಲೆ ಬದಿಯಡ್ಕದ ಬಸ್ಸು ಹತ್ತಿ, ಅಲ್ಲಿಂದ ಏತಡ್ಕಕ್ಕೆ ದಾರಿ ಯಾರಾದ್ರೂ ಹೇಳ್ತಾರೆ, ಕನ್ನಡದಲ್ಲೇ ಕೇಳಿ. ಕಟ್ಟ ಹಾಕುವ ದಿನ ಮೊದಲೇ ವಿಚಾರಿಸಿಕೊಂಡು ಬಂದ್ರೆ ಒಳ್ಳೆದು, ಮಣ್ಣು ಹೊರ್ಲಿಕ್ಕೆ ಒಂದು ಆಳು ಯಾವತ್ತೂ ಕಮ್ಮಿಯೇ ಇರ್ತದೆ.